ಬಚ್ಚಲಿಗೆ ಬಂದ ಲಕ್ಷ್ಮಿ

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನಮ್ಮತ್ತೆಗೆ ಎರಡೂ ಗೊತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗಂಗಾವತಿ ಕಡೆಯ ಹಳ್ಳಿಗೆ ಸೊಸೆಯಾಗಿ ಹೋದಾಗ, ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು. ಹುಟ್ಟಿದಾಗಿನಿಂದ ರೊಟ್ಟಿ ತಿಂದ ಅತ್ತೆಗೆ ಅನ್ನವೆಂದರೆ ಹಬ್ಬದೂಟ. ಈಗ ದಿನವೂ ಹಬ್ಬ. ಮೂರು ಹೊತ್ತೂ ಅನ್ನ, ಅದರ ಮೇಲೆ ಹಾಲು, ಸಕ್ಕರೆ.

ಮರುವರ್ಷ ಬಚ್ಚಲಿನಲ್ಲಿ ಇರುವೆ ಕಾಣಿಸಿದವು. ಅತ್ತೆ ಒಂದಕ್ಕೆ ಕೂತೆದ್ದ ಜಾಗಕ್ಕೇ ಮುತ್ತುತ್ತಿದ್ದವು, ಬೇರೆಲ್ಲೂ ಒಂದೂ ಇಲ್ಲ. ನಾನು ನೀರು ಸುರಿಯಲು ಹೋದರೆ ಅತ್ತೆ ತಡೆದರು.

"ಕರಿ ಇರುವಿ ಮನಿಗೆ ಬಂದ್ರ ಲಕ್ಷ್ಮಿ ಬಂದಂಗ. ನೀರ್ ಹಾಕಬ್ಯಾಡ."

ಮೂಲೆಗೆ ಅರಿಷಿಣ ಕುಂಕುಮ ಬಿತ್ತು. ಲಕ್ಷ್ಮಿಗೆ ಬಚ್ಚಲಿನಲ್ಲೇನು ಕೆಲಸ ಎಂದು ಕೇಳುವಷ್ಟು ಬಾಯಿ ನನಗಿತ್ತು. ಹೊಸ ಸೊಸೆ, ಚೊಂಬು ಕೆಳಗಿಟ್ಟೆ.

ಅತ್ತೆ ಸೊರಗುತ್ತ ಹೋದರು. ಎಷ್ಟು ನೀರು ಕುಡಿದರೂ ದಾಹ. ಭತ್ತ ಬೆಳೆಯಲು ಆಂಧ್ರದಿಂದ ಬಂದು ನೆಲೆಸಿದವರ ಪಕ್ಕದ ಕ್ಯಾಂಪಿನಿಂದ ಹಾಲಿಗೆ ಬರುತ್ತಿದ್ದ ಹೆಂಗಸು, ಅನ್ನ ಕಡಿಮೆ ಮಾಡಿ ಡಾಕ್ಟರಿಗೆ ತೋರಿಸಿ ಎಂದಳು. ಅತ್ತೆಗೆ ಸಿಟ್ಟು ಬಂತು.

"ನೀವು ಮೂರು ಹೊತ್ತು ಅನ್ನಾನ ಉಣ್ತೀರಿ, ಗಟ್ಟಿ ಅದೀರಿ. ನಾ ಉಂಡ್ರ ಕಣ್ಣು ಕುಕ್ತೈತೇನು?"

ಒಂದು ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಅಕ್ಕಿ ಆರಿಸುತ್ತಿದ್ದರು. ಬಚ್ಚಲಿನಿಂದ ಹೊರಟ ಇರುವೆ ಸಾಲು ಹೊಸ್ತಿಲು ದಾಟಿ ನೆಟ್ಟಗೆ ಬಂದು, ಅವರ ಹೆಬ್ಬೆರಳ ಸಂದಿಯೊಳಗೆ ಹೋಗುತ್ತಿತ್ತು. ಅಲ್ಲೊಂದು ಹುಣ್ಣು ಬಾಯಿ ಬಿಟ್ಟಿತ್ತು. ಅತ್ತೆ ಹಾಡು ಗುನುಗುತ್ತಲೇ ಇದ್ದರು.

"ಅತ್ತಿ, ಕಾಲಾಗ ಇರುವಿ... ಕಡ್ಯಾಕತ್ತಿಲ್ಲೇನ್ರಿ?"

"ಎಲ್ಲಿ?" ಎಂದರು, ಕಾಲು ಅಲುಗಿಸದೆ.

ಗಂಗಾವತಿಯ ಡಾಕ್ಟರು ಬೆರಳು ಬಿಡಿಸಿ ನೋಡಿದರು. "ಸಕ್ಕರಿ ರೋಗ. ಕಾಲು ಉಳಿಯೂದು ಕಷ್ಟ ಐತಿ. ಬಚ್ಚಲದಾಗ ಇರುವಿ ಮುತ್ತತಿದ್ದಿಲ್ಲೇನು?"

ಊಟ ಏನೆಂದು ಕೇಳಿ, ಅನ್ನ ಸಕ್ಕರೆ ಬಿಡಬೇಕು ಎಂದರು. ನನ್ನ ಗಂಡ, "ಕ್ಯಾಂಪಿನವರೂ ಅದ ಅನ್ನ ಉಣ್ತಾರಲ್ರಿ?" ಎಂದರು.

"ಅವರಿಗೂ ಬರತೈತಿ. ಆದ್ರ ಅವರ ಮೈಗೆ ಅಜ್ಜ ಮುತ್ತಜ್ಜನಿಂದ ರೂಢಿ. ನಿಮ್ಮದು ಜ್ವಾಳದ ಮೈ. ಒಮ್ಮಿಗೇ ಬದಲಿ ಮಾಡಿದ್ರ ಹ್ಯಾಂಗ ತಡೀತೈತಿ?"

ಮೊಣಕಾಲ ಕೆಳಗೆ ಕತ್ತರಿಸಿದರು. ಎಚ್ಚರವಾದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡು ಅತ್ತರು. "ಹೊಟ್ಟೀಲೆ ಹುಟ್ಟಿದ ಮಗಳೂ ಇಷ್ಟು ಛಲೋ ನೋಡ್ತಿದ್ದಿಲ್ಲವ್ವ."

ನನಗೆ ಅವರ ಮುಖ ನೋಡಲಾಗಲಿಲ್ಲ. ಸಾಕು ಸಾಕು ಎಂದರೂ ದಿನಾ ಅವರ ತಟ್ಟೆಗೆ ಎರಡನೇ ಸಲ ಅನ್ನ ಬಡಿಸಿ ಸಕ್ಕರೆ ಸುರಿದವಳು ನಾನೇ, ಒಳ್ಳೆಯ ಸೊಸೆ ಎನ್ನಿಸಿಕೊಳ್ಳಲಿಕ್ಕೆ.