ಮಗುವೂ ತಿನ್ನಬಹುದಾದ ಪುಡಿ

ಬೇಕರಿಗಳಿಂದ ಮೊಟ್ಟೆಚಿಪ್ಪು ಹೊತ್ತು ತರುವ ಈ ಮನುಷ್ಯನಿಗೆ ಜನ ಇಟ್ಟ ಹೆಸರು ಚಿಪ್ಪಣ್ಣ. ಹೋಟೆಲಿನವರು ಕರಿದು ಬಿಸಾಡುವ ಎಣ್ಣೆಯಿಂದ ಡೀಸೆಲ್ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಅವನಿಗೆ ಕೆಲಸ. ಚಿಪ್ಪನ್ನು ತೊಳೆದು, ಒಣಗಿಸಿ, ಕುಲುಮೆಯಲ್ಲಿ ಸುಟ್ಟು ಪುಡಿ ಮಾಡುತ್ತಾನೆ. ಆ ಪುಡಿಯನ್ನು ಮೆಥನಾಲ್ ಎಂಬ ಸ್ಪಿರಿಟ್ ಜೊತೆ ಕಮಟು ಎಣ್ಣೆಗೆ ಹಾಕಿ ಬಿಸಿಯಲ್ಲಿ ಕಲಕಿದರೆ ಎಣ್ಣೆ ಡೀಸೆಲ್ ಆಗುತ್ತದೆ. ಪುಡಿ ತಳದಲ್ಲಿ ಕೂರುತ್ತದೆ, ಸೋಸಿ ಮತ್ತೆ ಬಳಸಬಹುದು.

ಕೆಲಸದಲ್ಲಿ ಅಚ್ಚುಕಟ್ಟು ಮನುಷ್ಯ, ಬಾಯಿಗೆ ಮಾತ್ರ ಲಗಾಮಿಲ್ಲ. ಘಟಕ ನೋಡಲು ಬಂದವರ ಮುಂದೆಲ್ಲ ಎದೆಯುಬ್ಬಿಸಿ, "ಬರೀ ಮೊಟ್ಟೆಚಿಪ್ಪು ಸಾರ್, ಮಗೂನೂ ತಿನ್ನಬಹುದು!" ಎನ್ನುವನು. ಮನೆಯಲ್ಲಿ ಜೊತೆಗಿದ್ದ ಅಕ್ಕನ ಮುಂದೆಯೂ ಅದೇ ರಾಗ. ಘಟಕದ ಗೋಡೆ ತೇವ, ಪಸೆ ತಾಗಿದರೆ ಪುಡಿ ಕೆಟ್ಟುಹೋಗುತ್ತದೆಂದು ಬಿಗಿಮುಚ್ಚಳದ ಡಬ್ಬಿಯೊಂದನ್ನು ಮನೆಗೇ ತಂದು ಅಟ್ಟದಲ್ಲಿಟ್ಟಿದ್ದ.

ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದರೆ, ಅಕ್ಕ ಅಡುಗೆಮನೆಯ ಮೂಲೆಗೆ ಒತ್ತಿಕೊಂಡು ನಿಂತಿದ್ದಳು. ಎದುರಿಗೆ ಗಾಜಿನ ಲೋಟ ಬಿರುಕು ಬಿಟ್ಟಿತ್ತು. ಒಳಗಿನ ಬಿಳಿ ಕೆಸರು ಒಲೆಯಿಲ್ಲದೆಯೇ ಕೊತಕೊತ ಕುದಿಯುತ್ತಿತ್ತು.

"ಮಂಡಿನೋವಿಗೆ ಒಳ್ಳೇದಾಗತ್ತೆ ಅಂತ ನಿನ್ನ ಡಬ್ಬಿ ಪುಡಿಗೆ ಒಂದು ಗುಟುಕು ನೀರು ಬಿಟ್ಟೆ ಕಣೋ. ಚಿಪ್ಪು ಎಲುಬಿಗೆ ಒಳ್ಳೇದಲ್ವಾ? ನೀನೇ ತಾನೆ ತಿನ್ನಬಹುದು ಅಂದಿದ್ದು!"

ಚಿಪ್ಪಣ್ಣ ಅಕ್ಕನ ತುಟಿ ನೋಡಿದ. ಈ ಕುದಿತ ಅಕ್ಕನ ಗಂಟಲಲ್ಲಿ ಆಗಿದ್ದರೆ?

"ಬಾಯಿಗೆ ಹಾಕ್ಕೊಂಡ್ಯಾ?"

"ಇಲ್ಲಪ್ಪ. ಆದ್ರೆ... ಪಕ್ಕದ್ಮನೆ ಬಸುರಿ ಹುಡುಗೀಗೆ ಬೆಳಗ್ಗೆ ಒಂದು ಪೊಟ್ಟಣ ಕೊಟ್ಟೆ."

ಚಪ್ಪಲಿ ಮೆಟ್ಟುವಷ್ಟೂ ವ್ಯವಧಾನವಿಲ್ಲದೆ ಓಡಿದ. ಬಾಗಿಲು ಮುರಿಯುವಂತೆ ಬಡಿದ. ಒಳಗೆ ಸದ್ದಿಲ್ಲ. ಹಾಳಾದ ನಾಲಿಗೆ, ಎಷ್ಟು ಜನರೆದುರು ಎಷ್ಟು ಸಲ ಹೇಳಿತ್ತೋ! ಕೊನೆಗೆ ಆಕೆ ನಿದ್ದೆಗಣ್ಣಲ್ಲಿ ಬಾಗಿಲು ತೆರೆದಳು.

"ಆ ಪುಡಿ ಎಲ್ಲಮ್ಮ?"

"ಹಾಲು ಬರ್ಲಿ, ಹಾಕ್ಕೊಂಡು ಕುಡಿಯೋಣ ಅಂತ ಇಟ್ಟಿದ್ದೀನಿ ಅಣ್ಣ."

ಒಳಗೆ ನುಗ್ಗಿ ಮೇಜಿನ ಮೇಲಿದ್ದ ಪೊಟ್ಟಣವನ್ನು ಕಿತ್ತುಕೊಂಡ. ಬಿಚ್ಚಿ ನೋಡಿದ; ಪುಡಿ ಹಾಗೇ ಇತ್ತು.

"ಯಾಕಣ್ಣ? ಹೊಟ್ಟೇಲಿರೋ ಮಗೂಗೂ ಒಳ್ಳೇದು ಅಂತ ಅಕ್ಕ ಅಂದ್ರಲ್ಲ?"

ಚಿಪ್ಪಣ್ಣ ಪೊಟ್ಟಣವನ್ನು ಮತ್ತೆ ಬಿಗಿಯಾಗಿ ಮಡಚಿ ಹೇಳಿದ:

"ಇದು ಬರೀ ಚಿಪ್ಪಲ್ಲ, ಸುಟ್ಟ ಸುಣ್ಣ ಕಣಮ್ಮ, ನೀರು ತಾಗಿದ್ರೆ ಕುದಿಯತ್ತೆ. ಒಳಗೆ ಹೋಗಿದ್ರೆ ಕರುಳು ಬೆಂದುಹೋಗ್ತಿತ್ತು. ತಿನ್ನಬಹುದು ಅಂದಿದ್ದು ನಾನು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು.