ಬೂದಿ ನೀರಿಗೆ ಬಿದ್ದ ನೀಲಿ

ಶಿಗೆಯೊ ಕನ್ನೊ ಬಟ್ಟೆಗೆ ಬಣ್ಣ ಹಾಕುವವರ ಮನೆಗೆ ಸೊಸೆಯಾಗಿ ಬಂದು ನಲವತ್ತೆರಡು ವರ್ಷ. ಫುಕುಶಿಮಾದ ಈ ಗುಡ್ಡದ ಕೇರಿಯಲ್ಲಿ ಮನುಷ್ಯರ ಹೆಸರಿಗಿಂತ ಮನೆಯ ಹೆಸರೇ ಹೆಚ್ಚು ಓಡಾಡುತ್ತದೆ. ಹಾಗಾಗಿ ಅವಳು ಎಲ್ಲರಿಗೂ ಬಣ್ಣದ ಮನೆಯವಳು. ಅವಳ ಗದ್ದೆಗೆ ನೀರು ತರುವ ಕಾಲುವೆಯಿಂದಲೇ, ಅವಳ ಗದ್ದೆ ದಾಟಿದ ಮೇಲೆ ಕೊನೆಯಲ್ಲಿ ನೀರು ಪಡೆಯುವ ಗೆಂಪಾಚಿ ಕೆಳಗದ್ದೆಯವನು. ಗಂಡ ತೀರಿಕೊಂಡ ಮೇಲೂ ಅವಳು ನೀಲಿಯ ಹಂಡೆ ಬಿಡಲಿಲ್ಲ. ಉಗುರಿನ ಸಂದಿಯ ನೀಲಿ ಮದುವೆಯಾದ ವರ್ಷ ಸೇರಿಕೊಂಡಿದ್ದು, ಹೋಗೇ ಇಲ್ಲ.

ಅಣುಸ್ಥಾವರ ಒಡೆದ ಮೇಲೆ ಬೆಟ್ಟದ ಎಲೆಯಲ್ಲೂ ಝರಿಯಲ್ಲೂ ವಿಕಿರಣ ಸೂಸುವ ಸೀಸಿಯಂ ಸೇರಿತು. ಆ ಝರಿಯೇ ಗದ್ದೆಗಳಿಗೆ ನೀರು. ಪ್ರಯೋಗಾಲಯದಿಂದ ಓಹಾರಾ ಎಂಬ ಹೆಂಗಸು ಒಂದು ನೀಲಿ ಪುಡಿ ತಂದಳು. ಗಿಡದ ನೀಲಿಯಲ್ಲ, ಹಿಂದಿನ ಚಿತ್ರಗಾರರು ಬಳಸುತ್ತಿದ್ದ ಕಬ್ಬಿಣದ ನೀಲಿ. ಅದನ್ನು ಬಟ್ಟೆಗೆ ಹಿಡಿಸಿ, ಕಾಲುವೆಯಿಂದ ಗದ್ದೆಗೆ ನೀರು ಇಳಿಯುವ ನೀರುಬಾಯಿಯಲ್ಲಿ ಇಳಿಬಿಟ್ಟರೆ, ಹಾಯುವ ನೀರಿನಲ್ಲಿರುವ ಸೀಸಿಯಂ ಅದಕ್ಕೆ ಅಂಟಿಕೊಳ್ಳುತ್ತದಂತೆ. ಬಟ್ಟೆಗೆ ಬಣ್ಣ ಹಿಡಿಸಲು ಬೇರೆ ಯಾರನ್ನು ಹುಡುಕಬೇಕು? ಕೇರಿಯ ಅಷ್ಟೂ ನೀರುಬಾಯಿಗೆ ಶಿಗೆಯೊಳ ಬಟ್ಟೆಯೇ ಬಿತ್ತು. ಓಹಾರಾ ಹೇಳಿದ್ದು ಒಂದೇ ಮಾತು: ಹಳತಾದ ಬಟ್ಟೆಯನ್ನು ತೊಳೆಯಬೇಡಿ, ಹಾಗೇ ಚೀಲಕ್ಕೆ ಕಟ್ಟಿ ಕೊಡಿ.

ಅಪಘಾತವಾದ ಮೇಲಿನ ಮೂರನೆಯ ಬೇಸಿಗೆ. ಆಗಸ್ಟ್ ಹನ್ನೆರಡು. ಮರುದಿನ ಬೋನ್, ತೀರಿಹೋದ ಹಿರಿಯರು ಮನೆಗೆ ಬರುವ ದಿನ. ಕೇರಿಯ ಹೆಂಗಸರೆಲ್ಲ ಸಮಾಧಿ ಉಜ್ಜಿ, ಅಂಗಳ ಗುಡಿಸಿ, ಹಿತ್ತಲಿನ ಹುಲ್ಲು ಕಿತ್ತಿದ್ದರು. ಸಮಾಧಿಯಿಂದ ಮನೆಗೆ ಬರುವ ದಾರಿ ಶಿಗೆಯೊಳ ನೀರುಬಾಯಿಯ ಪಕ್ಕದಲ್ಲೇ ಹಾಯುತ್ತದೆ. ಅಲ್ಲಿ ಅವಳ ಆರು ಬಟ್ಟೆಗಳು ಕೆಸರು ಮೆತ್ತಿಕೊಂಡು ಎಮ್ಮೆಯ ಬಾಲದ ಹಾಗೆ ನೇತಾಡುತ್ತಿದ್ದವು. ಗಂಡ, ಅತ್ತೆ, ಮಾವ ಮೂವರೂ ಬಣ್ಣದವರು. ಆ ಮೂವರೂ ಇದನ್ನು ನೋಡಿಕೊಂಡು ಒಳಗೆ ಬರಬೇಕೆ?

ಹೊಸ ಬಟ್ಟೆಗೆ ಬೇಕಾದ ಪುಡಿ ಬರುವುದು ಹಬ್ಬ ಕಳೆದ ಮೇಲೆ. ಒಂದು ಸಲ ಜಾಲಿಸಿ ಮತ್ತೆ ಕಟ್ಟಿದರೆ ಏನು ಮಹಾ ಎಂದುಕೊಂಡಳು. ಬಣ್ಣದವರ ಕೈ ಕೆಸರು ಕಂಡರೆ ಬೂದಿ ನೀರನ್ನೇ ಹುಡುಕುತ್ತದೆ. ಈಗಿನ ಕಟ್ಟಿಗೆಯ ಬೂದಿಯನ್ನು ಮುಟ್ಟಬಾರದೆಂದು ಅವಳಿಗೆ ಗೊತ್ತಿತ್ತು, ಅದರಲ್ಲೂ ಸೀಸಿಯಂ ಇರುತ್ತದೆ. ಆದ್ದರಿಂದ ಅಪಘಾತಕ್ಕೆ ಮುಂಚೆ ಜಾಡಿಯಲ್ಲಿ ತುಂಬಿಟ್ಟಿದ್ದ ಬೂದಿಯನ್ನೇ ತೆಗೆದು ತಿಳಿನೀರು ಬಸಿದಳು. ಎಷ್ಟು ಜಾಗ್ರತೆ ನನಗೆ ಎಂದು ಒಳಗೊಳಗೇ ಬೀಗಿದಳು ಕೂಡ. ಬಾನಿಯಲ್ಲಿ ಬಟ್ಟೆ ಅದ್ದಿ ಹಿಂಡಿದರೆ ನೀರು ಕಂದುಬಣ್ಣವಾಯಿತು. ಕೆಸರೆಂದುಕೊಂಡಳು. ಬಟ್ಟೆಯೂ ಚಹಾದ ಬಣ್ಣಕ್ಕೆ ತಿರುಗಿತು. ಝರಿಯ ತುಕ್ಕೆಂದುಕೊಂಡಳು. ಬಾನಿಯ ನೀರನ್ನು ಕಾಲುವೆಗೆ ಚೆಲ್ಲಿ, ಬಟ್ಟೆ ಕಟ್ಟಿ, ನೆಮ್ಮದಿಯಿಂದ ದೀಪ ಹಚ್ಚಲು ಹೋದಳು.

ಹಬ್ಬ ಮುಗಿದ ವಾರಕ್ಕೆ ಹೊಸ ಪುಡಿ ತಂದ ಓಹಾರಾ ಆ ಕಂದು ಚಿಂದಿಯನ್ನು ಎತ್ತಿ ಹಿಡಿದಳು.

"ಕನ್ನೊ ಅವರೇ, ಇದ್ಯಾಕೆ ಹೀಗಾಯ್ತು?"

"ಕೆಸರು ಕಣಮ್ಮ. ಈ ಸಲ ಜಾಸ್ತಿ."

"ಕೆಸರಾದ್ರೆ ಸರಿ. ಬೂದಿ ನೀರು, ಸುಣ್ಣ ಏನಾದ್ರೂ ತಾಗಿದ್ರೆ ಈ ನೀಲಿ ಒಡೆದೇ ಹೋಗುತ್ತೆ. ಅಷ್ಟು ದಿನ ಹಿಡಿದಿಟ್ಟಿದ್ದನ್ನೆಲ್ಲ ಒಂದೇ ಸಲಕ್ಕೆ ನೀರಿಗೆ ಬಿಟ್ಟುಬಿಡುತ್ತೆ."

ಶಿಗೆಯೊ ಹೂಂ ಎಂದಳು. ಅಷ್ಟೇ. ಆಗಲೇ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಲವತ್ತೆರಡು ವರ್ಷ ಬಣ್ಣದ ವಿಷಯದಲ್ಲಿ ಯಾರಿಂದಲೂ ತಪ್ಪು ಅನ್ನಿಸಿಕೊಳ್ಳದವಳಿಗೆ ನಾಲಿಗೆ ಹೊರಳಲಿಲ್ಲ. ಆ ಜಂಬಕ್ಕೆ ನನ್ನ ಕೇಳಿದರೆ ಕ್ಷಮೆ ಇಲ್ಲ.

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಬಾನಿಯ ನೀರು ಹರಿದದ್ದು ಎಲ್ಲಿಗೆ? ನೇರ ಗೆಂಪಾಚಿಯ ಗದ್ದೆಗೆ. ಸುಗ್ಗಿಯಾದ ಮೇಲೆ ಅಕ್ಕಿಯ ಪ್ರತಿಯೊಂದು ಚೀಲವೂ ಪರೀಕ್ಷೆಯ ಯಂತ್ರ ದಾಟಬೇಕು. ಒಂದೇ ಒಂದು ಚೀಲ ಮಿತಿ ಮೀರಿದರೂ ಇಡೀ ಕೇರಿಯ ಅಕ್ಕಿ ಹೊರಗೆ ಹೋಗುವಂತಿಲ್ಲ. ಎರಡು ವರ್ಷ ಪಾಳು ಬಿಟ್ಟು, ಮೇಲ್ಮಣ್ಣು ಕೆರೆದು, ಈ ವರ್ಷ ತಾನೇ ನಾಟಿ ಮಾಡಿದ್ದ ಕೇರಿ ಅದು. ಈಗ ಹಾಳಾದರೆ ಅದು ಅವಳ ಒಂದು ಬಾನಿ ನೀರಿನಿಂದಲೇ. ದಿನಾ ಬೆಳಿಗ್ಗೆ ತನ್ನ ಬದುವಿನ ಮೇಲೆ ನಿಂತು ದೂರದಿಂದಲೇ ಅವನ ತೆನೆಗಳನ್ನು ನೋಡುವಳು. ಸೀಸಿಯಂ ಕಣ್ಣಿಗೆ ಕಾಣುವ ವಸ್ತುವೇ? ಗೆಂಪಾಚಿ ಎದುರಾದರೆ ಎಂದಿನಂತೆ ತಲೆಬಾಗಿ, "ಸೆಕೆ ಅಲ್ವಾ ಬಣ್ಣದ ಮನೆಯಮ್ಮಾ," ಎನ್ನುವನು. ಅವಳು ಬೇಗ ಬೇಗ ಬದು ಇಳಿದು ಮನೆಯ ಕಡೆ ತಿರುಗುವಳು.

ಅಕ್ಟೋಬರ್ ಕೊನೆಗೆ ಪರೀಕ್ಷೆಯ ದಿನ ಬಂತು. ಸಹಕಾರಿ ಶೆಡ್ಡಿನ ಮುಂದೆ ಗಾಡಿಗಳ ಸಾಲು. ಶಿಗೆಯೊಳ ಚೀಲಗಳು ಆಗಲೇ ಯಂತ್ರ ದಾಟಿದ್ದವು. ಗೆಂಪಾಚಿಯ ಸರದಿ ಹತ್ತಿರವಾದಾಗ ಅವಳು ಅವನ ಗಾಡಿಯ ಮರೆಗೆ ಹೋಗಿ ನಿಂತಳು.

"ಕೆಳಗದ್ದೆಯವರೇ, ನಿಮ್ಮ ಚೀಲ ಇವತ್ತು ಹಾಕ್ಬೇಡಿ. ಹಬ್ಬದ ಹಿಂದಿನ ದಿನ ನಾನು..."

"ಬಟ್ಟೆ ತೊಳೆದ್ರಿ," ಎಂದ ಗೆಂಪಾಚಿ. "ನೋಡ್ದೆ. ನೀರು ಕಂದು ಬಣ್ಣವಾಗಿ ಹರ್ಕೊಂಡು ಬಂತು. ನನ್ನ ಗದ್ದೆಯ ನೀರುಬಾಯಿ ಮುಚ್ಚೋ ಹಲಗೆ ಇಳಿಸಿಬಿಟ್ಟೆ."

"ಎಷ್ಟು ದಿನ?"

"ದೊಡ್ಡ ಮಳೆ ಬಂದು ಕಾಲುವೆ ತೊಳೆಯೋ ತನಕ. ಹದಿನೆಂಟು ದಿನ."

ಶಿಗೆಯೊ ಬಾಯಿಗೆ ಕೈ ಇಟ್ಟುಕೊಂಡಳು. ಆಗಸ್ಟ್ ಎಂದರೆ ಭತ್ತ ಹೂ ಬಿಡುವ ಹೊತ್ತು. ಆಗ ನೀರು ನಿಂತರೆ ತೆನೆಯಲ್ಲಿ ಉಳಿಯುವುದು ಜೊಳ್ಳೇ. ಗಾಡಿಯಲ್ಲಿ ಇದ್ದದ್ದು ಹತ್ತೊಂಬತ್ತು ಚೀಲ. ಆ ಗದ್ದೆಗೆ ಅದರ ಎರಡರಷ್ಟಾದರೂ ಬರಬೇಕಿತ್ತು.

"ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀವು ಹಂಡೆ ಮಗುಚಿ ಒಳಗೆ ಕೂತ್ಕೋತಿದ್ರಿ. ಕೇರಿಗೆ ಬಟ್ಟೆ ಯಾರು ಕೊಡ್ತಿದ್ರು? ನೀವಾಗೇ ಹೇಳ್ತೀರಿ ಅಂತ ಕಾದೆ. ತುಂಬಾ ತಡ ಮಾಡಿದ್ರಿ, ಅಷ್ಟೇ."

ಅವನ ಚೀಲಗಳು ಒಂದೊಂದಾಗಿ ಯಂತ್ರದ ಪಟ್ಟಿಯ ಮೇಲೆ ಹೋದವು. ಪ್ರತಿಯೊಂದಕ್ಕೂ ಹಸಿರು ದೀಪ. ಹತ್ತೊಂಬತ್ತನೆಯದಕ್ಕೂ ಹಸಿರು. ಶಿಗೆಯೊ ಉಸಿರು ಬಿಟ್ಟಳು. ಅಷ್ಟರಲ್ಲಿ ಕೇರಿಯ ಮುಖಂಡ ಯೊಸೋಜಿ ಗಾಡಿ ನೋಡಿ ನಕ್ಕ.

"ಇಷ್ಟೇನಾ ಕೆಳಗದ್ದೆ? ಹಬ್ಬದಲ್ಲಿ ಸಾಕೆ ಹೆಂಡ ಏರಿಸ್ಕೊಂಡು ನೀರು ಬಿಡೋದೇ ಮರೆತ್ಯಾ?"

"ಎರಡು ಬಾಟ್ಲು ಜಾಸ್ತಿ ಆಯ್ತಪ್ಪ," ಎಂದ ಗೆಂಪಾಚಿ. ಸಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಎಪ್ಪತ್ತು ವರ್ಷದ, ಒಂದು ದಿನವೂ ಗದ್ದೆ ಮರೆಯದ ಮನುಷ್ಯ ತಲೆ ಕೆರೆದುಕೊಂಡು ತಾನೂ ನಕ್ಕ.

ಶಿಗೆಯೊ ಸುಮ್ಮನಿದ್ದಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ದೀಪ ಹಸಿರಾಗಿತ್ತು, ಗೊತ್ತಿದ್ದವನು ಬಾಯಿ ಮುಚ್ಚಿದ್ದ. ಆದರೆ ಆ ನಗು ಅವಳಿಂದ ಸಹಿಸಲಾಗಲಿಲ್ಲ.

"ಅವರು ಕುಡೀಲಿಲ್ಲ," ಎಂದಳು. "ನನ್ನ ನೀರುಬಾಯಿಯ ನೀಲಿ ಬಟ್ಟೆಗಳನ್ನ ನಾನು ಬೂದಿ ನೀರಲ್ಲಿ ತೊಳೆದೆ. ಕಾಲುವೆಗೇ ಚೆಲ್ಲಿದೆ. ಓಹಾರಾ ಅವರು ಕೇಳಿದಾಗ ಸುಳ್ಳು ಹೇಳಿದೆ. ಕೇರಿ ಉಳೀಲಿ ಅಂತ ಇವರು ತಮ್ಮ ಗದ್ದೆ ಒಣಗಿಸ್ಕೊಂಡ್ರು."

ನಗು ಒಮ್ಮೆಗೇ ನಿಂತಿತು. ಯಾರೂ ಅವಳ ಮುಖ ನೋಡಲಿಲ್ಲ. ಹಿಂದಿನ ಗಾಡಿಯ ಹೆಂಗಸು ತನ್ನ ಚೀಲಗಳ ಕಡೆ ನೋಡಿಕೊಂಡಳು. ಯೊಸೋಜಿ ಯಂತ್ರದವನ ಕಡೆ ತಿರುಗಿ ಹೇಳಿದ:

"ಕೆಳಗದ್ದೆಯದು ಇನ್ನೊಂದು ಸಲ ಹಾಕಿ. ಬಣ್ಣದ ಮನೆಯದೂ. ಎಲ್ಲಾ ಚೀಲಾನೂ."

ಗೆಂಪಾಚಿ ಸೊಂಟಕ್ಕೆ ಕೈ ಕೊಟ್ಟು ಮೊದಲ ಚೀಲಕ್ಕೆ ಬಾಗಿದ. ಮೂವತ್ತು ಕಿಲೋ. ಸಾಲಿನಿಂದ ಯಾರೂ ಮುಂದೆ ಬರಲಿಲ್ಲ. ಶಿಗೆಯೊ ಹೋಗಿ ಅದರ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎತ್ತಿ ಪಟ್ಟಿಯ ಮೇಲಿಟ್ಟರು. ಚೀಲ ಒಳಗೆ ಹೋಯಿತು. ಈ ಸಲ ಇಡೀ ಕೇರಿ ಉಸಿರು ಬಿಗಿಹಿಡಿದು ದೀಪವನ್ನೇ ನೋಡುತ್ತಿತ್ತು. ಹಸಿರು ಹತ್ತಿತು. ಇಬ್ಬರೂ ಎರಡನೆಯ ಚೀಲಕ್ಕೆ ಬಾಗಿದರು.