ಭಾವನ ಕಾರು

ಹಳೇ ಕಾರನ್ನು ನೆಂಟರ ಹತ್ತಿರ ಮಾತ್ರ ಕೊಳ್ಳಬೇಡಿ. ಬಾನೆಟ್ ಎತ್ತಿದರೂ ಮುಖ ಊದಿಸಿಕೊಳ್ಳುತ್ತಾರೆ. ಹೊಳೆನರಸೀಪುರದ ಭಾವ ತಮ್ಮ ಕಾರು ನನಗೇ ಕೊಡುತ್ತೇನೆಂದರು. ಮೆಕ್ಯಾನಿಕ್ ಕರೆತರುತ್ತೇನೆ ಎಂದಿದ್ದಕ್ಕೆ, "ನನ್ನೇ ನಂಬಾಕಿಲ್ವೇನಯ್ಯ?" ಎಂದು ರೇಗಿದರು. ಸರಿ, ಹಾಸನದಿಂದ ಒಬ್ಬನೇ ಹೋದೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಎದುರಿಗಿದ್ದ ಏರ್‌ಬ್ಯಾಗ್ ಮುಚ್ಚಳ ಒತ್ತಿದೆ. ಕಿತ್ತು ಕೈಗೇ ಬಂತು. ಒಳಗೆ ಏರ್‌ಬ್ಯಾಗ್ ಇರಲಿಲ್ಲ, ಹಳೇ ಬಟ್ಟೆ ತುರುಕಿದ್ದರು.

"ಇದೇನ್ ಭಾವ?"

"ನಾನ್ ತಗೊಳ್ಳೋಕ್ ಮುಂಚೆ ಎಲ್ಲೋ ಗುದ್ದಿತ್ತು ಕಣಯ್ಯ. ಅಗ್ಗಕ್ಕೆ ಸಿಕ್ತು, ಗೊತ್ತಿದ್ದೇ ತಗೊಂಡೆ. ಅದೇನ್ ದಿನಾ ಬೇಕಾಯ್ತದಾ?"

ನನಗೆ ಮೈಯೆಲ್ಲಾ ಉರಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ, ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಗಂಡನನ್ನು ಕೇಳಿದಳು:

"ಇಷ್ಟ್ ದಿನ ಆ ಸೀಟಲ್ಲಿ ಕೂತ್ಕಂಡ್ ಓಡಾಡ್ದೋಳು ನಾನಲ್ವೇನ್ರೀ?"